ನ್ಯಾಶ್‌ವಿಲ್ ಬಿಟ್ಟು ಹೋದ ಸಮ್ಮೇಳನ: ಟೆನೆಸಿಯ ಕೌನ್ಸೆಲಿಂಗ್ ಕಾನೂನು, ಒಂದು ಪ್ರಕರಣ ಅಧ್ಯಯನ

ಟೆನೆಸಿ ರಾಜ್ಯದ ಆ ಕಾನೂನನ್ನು ಅಚ್ಚು ಹಾಕಿದರೆ ಒಂದು ಪುಟವೂ ತುಂಬುವುದಿಲ್ಲ. ಕೌನ್ಸೆಲರ್ ಅಥವಾ ಥೆರಪಿಸ್ಟ್ ಮನಃಪೂರ್ವಕವಾಗಿ ನಂಬಿರುವ ತತ್ತ್ವಗಳಿಗೆ ವಿರುದ್ಧವಾದ ಗುರಿ, ಫಲಿತಾಂಶ ಅಥವಾ ನಡವಳಿಕೆಯ ವಿಚಾರದಲ್ಲಿ ಅವರು ಸೇವೆ ಕೊಡಲೇಬೇಕೆಂದಿಲ್ಲ. ಆದರೆ ಆ ಸೇವೆ ಕೊಡಲು ಒಪ್ಪುವ ಇನ್ನೊಬ್ಬರ ಬಳಿಗೆ ಕಳಿಸುವ ಏರ್ಪಾಟು ಮಾಡಬೇಕು. ಹೀಗೆ ನಿರಾಕರಿಸಿದ್ದಕ್ಕಾಗಿ ಅವರ ಮೇಲೆ ಸಿವಿಲ್ ದಾವೆಯಾಗಲಿ ಕ್ರಿಮಿನಲ್ ಮೊಕದ್ದಮೆಯಾಗಲಿ ಹೂಡುವಂತಿಲ್ಲ. ಬಂದವರು ತಮಗೋ ಬೇರೆಯವರಿಗೋ ಆ ಕ್ಷಣದಲ್ಲೇ ಅಪಾಯ ತಂದುಕೊಳ್ಳುವ ಸ್ಥಿತಿಯಲ್ಲಿದ್ದರೆ ಮಾತ್ರ ಈ ರಿಯಾಯಿತಿ ಇಲ್ಲ. ಇಷ್ಟೇ ಕಾನೂನು.

2016ರ ಏಪ್ರಿಲ್ 27ರಂದು ಗವರ್ನರ್ ಬಿಲ್ ಹ್ಯಾಸ್ಲಮ್ ಇದಕ್ಕೆ ಸಹಿ ಹಾಕಿದರು. ಹದಿಮೂರು ದಿನಗಳ ಮೇಲೆ, ಮೇ 10ರಂದು, ಅಮೆರಿಕನ್ ಕೌನ್ಸೆಲಿಂಗ್ ಅಸೋಸಿಯೇಷನ್ ತನ್ನ 2017ರ ವಾರ್ಷಿಕ ಸಮ್ಮೇಳನವನ್ನು ಟೆನೆಸಿಯ ರಾಜಧಾನಿ ನ್ಯಾಶ್‌ವಿಲ್‌ನಲ್ಲಿ ನಡೆಸುವುದಿಲ್ಲ ಎಂದು ಪ್ರಕಟಿಸಿತು. ಮೂರು ಸಾವಿರಕ್ಕೂ ಹೆಚ್ಚು ಜನ ಸೇರುವ ಸಮ್ಮೇಳನ ಅದು. ಜಾಗ ನಿಗದಿಯಾಗಿತ್ತು, ದಿನಾಂಕ ಗೊತ್ತಾಗಿತ್ತು. ಎಲ್ಲ ಬಿಟ್ಟು ಸಮ್ಮೇಳನ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಯಿತು.

ಕೌನ್ಸೆಲಿಂಗ್ ಓದುವವರಿಗೆ ನಾಯಕತ್ವ, ವಕಾಲತ್ತು ಎಂಬ ಪಾಠ ಬಂದಾಗ ಈ ಘಟನೆಯನ್ನು ಸಾಮಾನ್ಯವಾಗಿ ಶೌರ್ಯದ ಕಥೆಯ ಹಾಗೆ ಹೇಳುತ್ತಾರೆ: ಅನ್ಯಾಯದ ಕಾನೂನು ಬಂತು, ಸಂಘ ಎದ್ದು ನಿಂತಿತು. ಸಂಘ ಹಿಡಿದ ತತ್ತ್ವ ಸರಿಯಾಗಿತ್ತು ಎಂದೇ ನನ್ನ ನಿಲುವು. ಆದರೆ ಆ ತತ್ತ್ವವನ್ನು ಒಪ್ಪದವರ ಎದುರಿಗೆ ಅದು ಇಟ್ಟ ವಾದ ದುರ್ಬಲವಾಗಿತ್ತು, ಅತಿ ಗಟ್ಟಿಯಾದ ನಡೆ ಬಂದದ್ದು ಸಹಿ ಬಿದ್ದಾದ ಮೇಲೆ. ಪ್ರಕರಣದಲ್ಲಿ ಕಲಿಯಲು ಏನಾದರೂ ಇದ್ದರೆ ಅದು ಆ ಸೋಲಿನ ಒಳಗೇ ಇದೆ.

ಮಿಷಿಗನ್‌ನಲ್ಲಿ ಬಿದ್ದ ಬೀಜ

ಕಥೆ ಶುರುವಾಗುವುದು ಟೆನೆಸಿಯಲ್ಲಲ್ಲ, ಏಳು ವರ್ಷ ಹಿಂದೆ, ಮಿಷಿಗನ್‌ನಲ್ಲಿ. ಇಪ್ಸಿಲ್ಯಾಂಟಿ ಎಂಬ ಊರಿನ ಈಸ್ಟರ್ನ್ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಜೂಲಿಯಾ ವಾರ್ಡ್ ಎಂಬ ಶಿಕ್ಷಕಿ ಶಾಲಾ ಕೌನ್ಸೆಲರ್ ಆಗಲು ಓದುತ್ತಿದ್ದರು. 2009ರ ಜನವರಿಯಲ್ಲಿ, ಪ್ರಾಯೋಗಿಕ ತರಬೇತಿಯ ಸಮಯದಲ್ಲಿ, ಖಿನ್ನತೆಗೆ ಸಲಹೆ ಕೇಳಿ ಬಂದ ಒಬ್ಬರ ಫೈಲು ಅವರ ಕೈಗೆ ಬಂತು. ಆ ವ್ಯಕ್ತಿ ಹಿಂದೊಮ್ಮೆ ಸಲಿಂಗ ಸಂಬಂಧದ ಬಗ್ಗೆ ಮಾತಾಡಲು ಬಂದಿದ್ದರು ಎಂದು ಅದರಲ್ಲಿ ಬರೆದಿತ್ತು. ಅಂಥ ಸಂಬಂಧವನ್ನು ಅನುಮೋದಿಸಿ ಮಾತಾಡುವುದಕ್ಕೆ ತನ್ನ ಕ್ರೈಸ್ತ ನಂಬಿಕೆ ಒಪ್ಪುವುದಿಲ್ಲ, ನೋಡಲೇ ಅಥವಾ ಬೇರೆಯವರಿಗೆ ಒಪ್ಪಿಸಲೇ ಎಂದು ವಾರ್ಡ್ ಮೇಲ್ವಿಚಾರಕಿಯನ್ನು ಕೇಳಿದರು. ಆ ವ್ಯಕ್ತಿಯನ್ನು ಬೇರೆಯವರಿಗೆ ಒಪ್ಪಿಸಲಾಯಿತು. ವಾರ್ಡ್ ಅವರ ಮೇಲೆ ಶಿಸ್ತಿನ ವಿಚಾರಣೆ ನಡೆಯಿತು. ಮಾರ್ಚ್‌ನಲ್ಲಿ ಅವರನ್ನು ಕೋರ್ಸಿನಿಂದ ಹೊರಹಾಕಿದರು.

ಅವರು ಕೋರ್ಟಿಗೆ ಹೋದರು. 2010ರಲ್ಲಿ ಜಿಲ್ಲಾ ನ್ಯಾಯಾಲಯ ವಿಶ್ವವಿದ್ಯಾಲಯದ ಪರ ನಿಂತಿತು. 2012ರ ಜನವರಿಯಲ್ಲಿ ಆರನೇ ಸರ್ಕಿಟ್ ಎಂಬ, ಕೆಲವು ರಾಜ್ಯಗಳ ಮೇಲ್ಮನವಿ ಕೇಳುವ ಕೇಂದ್ರ ನ್ಯಾಯಾಲಯ ಅದನ್ನು ತಿರುಗಿಸಿ, ಇದು ಜ್ಯೂರಿಯ ಮುಂದೆ ಹೋಗಬೇಕಾದ ಪ್ರಶ್ನೆ ಎಂದಿತು. ಕೌನ್ಸೆಲರುಗಳಿಗೆಂದು ಅಮೆರಿಕನ್ ಕೌನ್ಸೆಲಿಂಗ್ ಅಸೋಸಿಯೇಷನ್ ಬರೆದಿದ್ದ ಅಂದಿನ ನೀತಿಸಂಹಿತೆಯನ್ನೇ ನ್ಯಾಯಾಧೀಶರು ಬಿಡಿಸಿ ಓದಿದ್ದರು. 2005ರ ಆ ಸಂಹಿತೆ, ಸಹಾಯ ಮಾಡಲು ತನ್ನಿಂದ ಆಗದು ಎನಿಸಿದರೆ ಬೇರೆಯವರ ಬಳಿ ಕಳಿಸಬಹುದು ಎನ್ನುತ್ತಿತ್ತು. ಸಾಯುವ ಕಾಯಿಲೆಯಿರುವವರು ಜೀವನದ ಕೊನೆಯ ನಿರ್ಧಾರಗಳ ಬಗ್ಗೆ ಮಾತಾಡಬಯಸಿದರೆ, ಅಂಥ ಕೆಲಸದಿಂದ ದೂರ ಇರಲು ಕೌನ್ಸೆಲರಿಗೆ ನೇರವಾಗಿಯೇ ಅವಕಾಶ ಕೊಟ್ಟಿತ್ತು. ಅಲ್ಲಿ ಮೌಲ್ಯದ ಕಾರಣಕ್ಕೆ ಕಳಿಸಬಹುದಾದರೆ ಇಲ್ಲಿ ಯಾಕಾಗದು ಎಂಬುದು ಕೋರ್ಟಿನ ಪ್ರಶ್ನೆ. ಸಹನೆ ಎರಡೂ ಕಡೆಯಿಂದ ಇರಬೇಕು ಎಂಬ ಅರ್ಥದ ಮಾತೂ ತೀರ್ಪಿನಲ್ಲಿ ಬಂತು. ಆ ವರ್ಷದ ಕೊನೆಗೆ 75,000 ಡಾಲರ್ ಕೊಟ್ಟು ವಿಶ್ವವಿದ್ಯಾಲಯ ರಾಜಿ ಮಾಡಿಕೊಂಡಿತು.

ಇದೇ ಹೊತ್ತಿಗೆ ಜಾರ್ಜಿಯಾದ ಅಗಸ್ಟಾದಲ್ಲಿ ಇಂಥದೇ ಇನ್ನೊಂದು ಪ್ರಕರಣ ನಡೆಯುತ್ತಿತ್ತು; ಅಲ್ಲಿ 2011ರಲ್ಲಿ ಹನ್ನೊಂದನೇ ಸರ್ಕಿಟ್ ವಿಶ್ವವಿದ್ಯಾಲಯದ ಕಡೆ ಒಲಿಯಿತು. ಟೆನೆಸಿ ಬರುವುದು ವಾರ್ಡ್ ಅವರ ಮಾತಿಗೆ ಕಿವಿಗೊಟ್ಟ ಆರನೇ ಸರ್ಕಿಟ್ಟಿನ ಕೆಳಗೆ ಎಂಬುದನ್ನು ಮರೆಯಬಾರದು.

ಸಂಹಿತೆಯಲ್ಲಿದ್ದ ಈ ಸಂದನ್ನು ಸಂಘ 2014ರಲ್ಲಿ ಮುಚ್ಚಿತು. ಹೊಸ ಸಂಹಿತೆ ಸಿದ್ಧಪಡಿಸಿದ ಸಮಿತಿಯ ಅಧ್ಯಕ್ಷರು ಅದೇ ಈಸ್ಟರ್ನ್ ಮಿಷಿಗನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು; ಮೊಕದ್ದಮೆಯ ಬಿಸಿ ಅಲ್ಲಿಯವರಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿರಬೇಕು! ಸಾಮರ್ಥ್ಯ ಸಾಲದಿದ್ದರೆ ಬೇರೆಯವರ ಬಳಿ ಕಳಿಸಿ. ಆದರೆ ಬರೀ ನಿಮ್ಮ ಸ್ವಂತ ಮೌಲ್ಯ, ನಂಬಿಕೆ, ಧೋರಣೆಗಳ ಕಾರಣಕ್ಕೆ ಕಳಿಸಬೇಡಿ ಎಂದು ಅದು ಬಿಡಿಸಿ ಹೇಳಿತು. ನಿಮ್ಮ ಮೌಲ್ಯ ಎದುರಿಗೆ ಕೂತವರ ಮೇಲೆ ಹೇರಿಕೆಯಾಗುವ ಅಪಾಯ ಕಂಡರೆ ತರಬೇತಿ ಪಡೆಯಿರಿ ಎಂದೂ ಸೇರಿಸಿತು.

ಸಾಮರ್ಥ್ಯ ಮತ್ತು ಮೌಲ್ಯದ ನಡುವಿನ ಈ ಗೆರೆಯ ಮೇಲೇ ಇಡೀ ಜಗಳ ನಿಂತಿರುವುದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ. ತಿಂದದ್ದನ್ನು ವಾಂತಿ ಮಾಡಿಕೊಳ್ಳುವ ಕಾಯಿಲೆಯಿರುವ ಹುಡುಗಿಯೊಬ್ಬಳು ಬಂದಳು, ಕೌನ್ಸೆಲರಿಗೆ ಆ ಕಾಯಿಲೆಯ ತರಬೇತಿ ಇಲ್ಲ. ಬೇರೆಯವರ ಬಳಿ ಕಳಿಸುವುದು ಅವರ ಕರ್ತವ್ಯ. ಇನ್ನೊಬ್ಬ ಹುಡುಗ ನಿದ್ದೆ ಬರುವುದಿಲ್ಲ, ಓದಲು ಆಗುವುದಿಲ್ಲ ಎಂದು ಬರುತ್ತಾನೆ. ಮೂರನೇ ಭೇಟಿಯಲ್ಲಿ, ನೆಲ ನೋಡುತ್ತಾ, ತನಗೆ ಗೆಳೆಯನೊಬ್ಬನ ಮೇಲೆ ಪ್ರೀತಿ ಎನ್ನುತ್ತಾನೆ. ಈ ಮಾತು ಅವನು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು ಎಂದಿಟ್ಟುಕೊಳ್ಳಿ. ಮುಂದಿನ ವಾರದಿಂದ ನೀನು ಬೇರೆಯವರನ್ನು ನೋಡು, ಹೆಸರು ಬರೆದುಕೊಡುತ್ತೇನೆ ಎಂದು ಕೌನ್ಸೆಲರ್ ಹೇಳಿದರೆ ಹುಡುಗನ ಕಿವಿಗೆ ಬೀಳುವುದು ವಿಳಾಸವಲ್ಲ. ಎಷ್ಟೇ ಮೆತ್ತಗೆ ಹೇಳಿದರೂ ಅದು ತೀರ್ಪು. ಇದು ನಾನು ಕಲ್ಪಿಸಿಕೊಂಡ ಉದಾಹರಣೆ. ಆದರೆ ಕೋಣೆಯಲ್ಲಿ ನಡೆಯುವ ಕೆಲಸ ಇಂಥದೇ. ಜನ ತಮ್ಮ ನಿಜವಾದ ಕಷ್ಟವನ್ನು ಬಾಗಿಲಲ್ಲೇ ಹೇಳುವುದಿಲ್ಲ.

ಡಾಕ್ಟರು, ವಕೀಲರು ಬೇರೆಯವರ ಬಳಿ ಕಳಿಸುವುದಿಲ್ಲವೇ, ಹಾಗೆಯೇ ಇದೂ ಎಂದು ಸಹಿ ಹಾಕುವಾಗ ಗವರ್ನರ್ ಹ್ಯಾಸ್ಲಮ್ ಸಮರ್ಥಿಸಿಕೊಂಡರು. ವಕೀಲರು ಕೇಸು ಒಪ್ಪಿಕೊಳ್ಳುವ ಮೊದಲೇ ವಿಷಯ ಏನೆಂದು ತಿಳಿದಿರುತ್ತಾರೆ. ಕೌನ್ಸೆಲರಿಗೆ ವಿಷಯ ತಿಳಿಯುವುದು ನಂಬಿಕೆ ಹುಟ್ಟಿದ ಮೇಲೆ. ಹೋಲಿಕೆ ಕುಂಟುವುದು ಅಲ್ಲಿ.

ರಾಜ್ಯದ ನಿಯಮ ಯಾರದು?

ಟೆನೆಸಿಗೆ ಈ ಸಂಹಿತೆಯಿಂದ ಏನಾಗಬೇಕಿತ್ತು? ಅಮೆರಿಕದಲ್ಲಿ ಕೌನ್ಸೆಲರಿಗೆ ಲೈಸೆನ್ಸ್ ಕೊಡುವುದು ರಾಜ್ಯ. ಟೆನೆಸಿಯ ಲೈಸೆನ್ಸಿಂಗ್ ಮಂಡಳಿ ತನ್ನದೇ ನೀತಿಸಂಹಿತೆ ಬರೆಯುವ ಬದಲು ಸಂಘದ ಸಂಹಿತೆಯನ್ನೇ ತನ್ನ ನಿಯಮಗಳಲ್ಲಿ ಅಳವಡಿಸಿಕೊಂಡಿತ್ತು. ಹಾಗಾಗಿ ವರ್ಜೀನಿಯಾದ ಅಲೆಕ್ಸಾಂಡ್ರಿಯಾದಲ್ಲಿ ಕಚೇರಿಯಿರುವ ಒಂದು ಖಾಸಗಿ ಸಂಘ 2014ರಲ್ಲಿ ಬರೆದ ಸಾಲು ಟೆನೆಸಿಯಲ್ಲಿ ಒಬ್ಬರ ಲೈಸೆನ್ಸಿಗೆ ಕುತ್ತು ತರಬಹುದಾದ ಸಾಲಾಯಿತು.

ಮಸೂದೆಯನ್ನು ಸೆನೆಟ್ಟಿನಲ್ಲಿ ತಂದ ರಿಪಬ್ಲಿಕನ್ ಸದಸ್ಯ ಜ್ಯಾಕ್ ಜಾನ್ಸನ್ ಮತ್ತೆ ಮತ್ತೆ ಹೊಡೆದದ್ದು ಇದೇ ಮೊಳೆಯನ್ನು: ಹೊರಗಿನ ಖಾಸಗಿ ಸಂಸ್ಥೆಯೊಂದು ನಮ್ಮ ರಾಜ್ಯದ ಪ್ರಜೆಗಳಿಗೆ ಯಾಕೆ ನಿಯಮ ಹಾಕಬೇಕು? ಕೆಳಮನೆಯಲ್ಲಿ ಮಸೂದೆ ಹಿಡಿದವರು ಡ್ಯಾನ್ ಹೊವೆಲ್. ಧರ್ಮದ ಮಾತಿಗಿಂತ ಈ ಮಾತಿಗೆ ಹೆಚ್ಚು ತೂಕವಿತ್ತು, ಯಾಕೆಂದರೆ ಧರ್ಮದ ಬಗ್ಗೆ ತಲೆಕೆಡಿಸಿಕೊಳ್ಳದ ಶಾಸಕರಿಗೂ ಇದು ನಾಟುತ್ತದೆ. ಈ ಪ್ರಶ್ನೆಯನ್ನು ಪೂರ್ವಗ್ರಹಕ್ಕೆ ಹಾಕಿದ ಮುಸುಕು ಎಂದು ತಳ್ಳಿಹಾಕುವುದು ಸುಲಭ. ತಳ್ಳಿಹಾಕಿದವರು ಸೋತರು.

ಉತ್ತರ ಇಲ್ಲದ ಪ್ರಶ್ನೆಯೇನೂ ಅಲ್ಲ ಅದು. ಮನೆಗೆ ವೈರಿಂಗ್ ಹೇಗಿರಬೇಕು ಎಂಬ ರಾಷ್ಟ್ರೀಯ ಎಲೆಕ್ಟ್ರಿಕಲ್ ಕೋಡನ್ನು ಬರೆಯುವುದೂ ಒಂದು ಖಾಸಗಿ ಸಂಸ್ಥೆಯೇ, ಅಮೆರಿಕದ ರಾಜ್ಯಗಳು ಅದನ್ನು ಎತ್ತಿಕೊಂಡು ನಿಯಮ ಮಾಡಿಕೊಳ್ಳುತ್ತವೆ. ಕಸುಬು ಬಲ್ಲವರು ಕಸುಬಿನ ಅಳತೆಗೋಲು ಬರೆಯುವುದು ಆ ದೇಶದ ಹಳೆಯ ರೂಢಿ. ಈ ಮಾತನ್ನು ಶಾಸಕರ ಬಳಿ ಕೂತು ಹೇಳಬೇಕಾಗಿದ್ದವರು ಟೆನೆಸಿಯಲ್ಲೇ ಕೆಲಸ ಮಾಡುವ, ಅಲ್ಲೇ ಚರ್ಚಿಗೆ ಹೋಗುವ ಕೌನ್ಸೆಲರುಗಳು. ಅಂಥವರು ಕಡಿಮೆಯೇನೂ ಇರಲಿಲ್ಲ. ಸಂಘದೊಳಗೇ ಅಧ್ಯಾತ್ಮ ಮತ್ತು ಧಾರ್ಮಿಕ ಮೌಲ್ಯಗಳಿಗೆಂದು ಒಂದು ವಿಭಾಗವಿದೆ. ಆದರೂ ಹೊರಗೆ ಕಂಡ ಚಿತ್ರ, ಒಂದು ಕಡೆ ಧರ್ಮ, ಇನ್ನೊಂದು ಕಡೆ ಕೌನ್ಸೆಲಿಂಗ್ ಎಂಬಂತಿತ್ತು.

ಆ ಏಪ್ರಿಲ್

ಕಾಲ ಎಂಥದು ಎಂಬುದನ್ನೂ ನೋಡಬೇಕು. ಸಲಿಂಗ ವಿವಾಹಕ್ಕೆ ದೇಶವಿಡೀ ಮಾನ್ಯತೆ ಕೊಟ್ಟ ಸುಪ್ರೀಂ ಕೋರ್ಟಿನ ಒಬರ್ಗಫೆಲ್ ತೀರ್ಪು ಬಂದದ್ದು 2015ರ ಜೂನ್ 26ರಂದು. ಅದರಲ್ಲಿ ಒಟ್ಟುಗೂಡಿಸಿದ ಮೊಕದ್ದಮೆಗಳಲ್ಲಿ ಒಂದು ಟೆನೆಸಿಯದೇ, ಪ್ರತಿವಾದಿಯ ಜಾಗದಲ್ಲಿದ್ದ ಹೆಸರು ಇದೇ ಗವರ್ನರ್ ಹ್ಯಾಸ್ಲಮ್ ಅವರದು. ಮುಂದಿನ ವರ್ಷ ದಕ್ಷಿಣದ ರಾಜ್ಯಗಳಲ್ಲಿ ಪ್ರತಿಕ್ರಿಯೆಯ ಮಸೂದೆಗಳ ಸಾಲು. ಮಾರ್ಚ್‌ನಲ್ಲಿ, ಜನನ ಪತ್ರದಲ್ಲಿರುವ ಲಿಂಗದ ಪ್ರಕಾರವೇ ಸರ್ಕಾರಿ ಕಟ್ಟಡಗಳ ಶೌಚಾಲಯ ಬಳಸಬೇಕು ಎಂಬ ನಾರ್ತ್ ಕೆರೊಲೈನಾದ ಶೌಚಾಲಯ ಕಾನೂನು. ಏಪ್ರಿಲ್ ಮೊದಲ ವಾರ ಮಿಸಿಸಿಪ್ಪಿಯಲ್ಲಿ ಇನ್ನೂ ಅಗಲವಾದ ಧಾರ್ಮಿಕ ರಿಯಾಯಿತಿಯ ಕಾನೂನು. ಅದರಲ್ಲೂ ಕೌನ್ಸೆಲಿಂಗ್ ಸೇವೆಯ ಮಾತು ಬರುತ್ತದೆ.

ಟೆನೆಸಿಯ ಸೆನೆಟ್ ಫೆಬ್ರವರಿಯಲ್ಲೇ 27–3 ಮತಗಳಿಂದ ಮಸೂದೆ ಪಾಸು ಮಾಡಿತ್ತು. ಆಗ ಅದರಲ್ಲಿದ್ದದ್ದು ‘ಧಾರ್ಮಿಕ ನಂಬಿಕೆ’. ಕೆಳಮನೆಯಲ್ಲಿ ಅದನ್ನು ‘ತತ್ತ್ವ’ ಎಂದು ತಿದ್ದಿದರು. ತಿದ್ದುಪಡಿ ಮಸೂದೆಯನ್ನು ಮೃದು ಮಾಡಿದಂತೆ ಕಂಡರೂ ನಿಜಕ್ಕೆ ಬಾಗಿಲನ್ನು ಇನ್ನಷ್ಟು ಅಗಲ ತೆರೆಯಿತು. ಧರ್ಮದ ಕಾರಣ ಬೇಕಿಲ್ಲ, ಯಾವ ತತ್ತ್ವವಾದರೂ ನಡೆಯುತ್ತದೆ. ಯುದ್ಧವಿರೋಧಿ ಕೌನ್ಸೆಲರ್ ಸೈನಿಕನನ್ನು, ನಾಸ್ತಿಕ ಕೌನ್ಸೆಲರ್ ಚರ್ಚಿನ ಹೆಂಗಸನ್ನು, ವಿಚ್ಛೇದನ ಒಪ್ಪದವರು ಗಂಡನನ್ನು ಬಿಟ್ಟು ಬಂದವಳನ್ನು, ಹೀಗೆ ಯಾರು ಯಾರನ್ನಾದರೂ ವಾಪಸ್ ಕಳಿಸಬಹುದು. ಕೆಂಟಕಿಯ ಗಡಿಯಲ್ಲಿ ಫೋರ್ಟ್ ಕ್ಯಾಂಬೆಲ್ ಎಂಬ ದೊಡ್ಡ ಸೇನಾ ನೆಲೆಯಿದೆ, ಅದರ ಪಕ್ಕದ ಟೆನೆಸಿಯ ಕ್ಲಾರ್ಕ್ಸ್‌ವಿಲ್ ತುಂಬ ಸೈನಿಕರ ಸಂಸಾರಗಳು. ಆ ಕಡೆಯ ಶಾಸಕರಿಗೆ ಇದನ್ನು ಅರ್ಥ ಮಾಡಿಸುವುದು ಕಷ್ಟವಿರಲಿಲ್ಲ. ಇಂಥ ಮಾತನ್ನು ಯಾರೂ ಹೇಳಲಿಲ್ಲ ಎಂದಲ್ಲ. ಹೇಳಿದ್ದೂ ಸುದ್ದಿಯ ಗಲಾಟೆಯಲ್ಲಿ ಮುಳುಗಿಹೋಯಿತು. ಪತ್ರಿಕೆಗಳಿಗೆ ಇದು ‘ಸಲಿಂಗಿಗಳ ವಿರುದ್ಧದ ಮಸೂದೆ’, ಸಂಘದ ಹೇಳಿಕೆಗಳೂ ಬಹುಪಾಲು ಅದೇ ದಾರಿ ಹಿಡಿದವು. ಆ ದಾರಿ ಸತ್ಯವೇ. ಆದರೆ ರಿಪಬ್ಲಿಕನ್ನರೇ ತುಂಬಿದ ಶಾಸನಸಭೆಯಲ್ಲಿ ಆ ದಾರಿಯಲ್ಲಿ ಹೋದರೆ ಎಷ್ಟು ಮತ ಸಿಗುತ್ತದೆ ಎಂಬ ಲೆಕ್ಕ ಕಣ್ಣೆದುರಿಗೇ ಇತ್ತು.

ಏಪ್ರಿಲ್ 6ರಂದು ಕೆಳಮನೆ 68–22ರಿಂದ ಮಸೂದೆ ಒಪ್ಪಿತು. ಸಂಘದ ಆ ವರ್ಷದ ಸಮ್ಮೇಳನ ಕೆನಡಾದ ಮಾಂಟ್ರಿಯಾಲ್‌ನಲ್ಲಿ ಮುಗಿದು ಆಗ ಮೂರೇ ದಿನ ಆಗಿತ್ತು. ಸಮ್ಮೇಳನದ ದಿನಾಂಕ ವರ್ಷಗಳ ಮೊದಲೇ ಗೊತ್ತಾಗಿರುತ್ತದೆ, ಇದರಲ್ಲಿ ಯಾರ ತಪ್ಪೂ ಇಲ್ಲ. ಆದರೂ ಸಾವಿರಾರು ಕೌನ್ಸೆಲರುಗಳು ಇನ್ನೊಂದು ದೇಶದಲ್ಲಿ ಸೇರಿದ್ದಾಗ ನ್ಯಾಶ್‌ವಿಲ್‌ನಲ್ಲಿ ಮತದಾನಕ್ಕೆ ತಯಾರಿ ನಡೆದಿತ್ತು.

ಅದೇ ಏಪ್ರಿಲ್‌ನಲ್ಲಿ ಅದೇ ಊರಿನಲ್ಲಿ ಇನ್ನೂ ಎರಡು ಮಸೂದೆಗಳು ಏನಾದವು ಎಂಬುದು ನನಗೆ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಬೈಬಲ್ಲನ್ನು ರಾಜ್ಯದ ಅಧಿಕೃತ ಪುಸ್ತಕ ಮಾಡುವ ಮಸೂದೆಯನ್ನು ಹ್ಯಾಸ್ಲಮ್ ಏಪ್ರಿಲ್ 14ರಂದು ವಾಪಸ್ ಕಳಿಸಿದರು, ವೀಟೋ ಮಾಡಿದರು. ತನ್ನ ಪಕ್ಷದ ಶಾಸಕರಿಗೆ ಇಲ್ಲ ಎನ್ನಲು ಆ ಮನುಷ್ಯನಿಗೆ ಬರುತ್ತಿತ್ತು. ಶಾಲೆಯ ಶೌಚಾಲಯದ ಮಸೂದೆಯನ್ನು ಅದನ್ನು ತಂದವರೇ ಏಪ್ರಿಲ್ 18ರಂದು ಹಿಂದೆಗೆದುಕೊಂಡರು. ಆ ಮಸೂದೆಯಿಂದ ಶಿಕ್ಷಣಕ್ಕೆ ಬರುವ ಕೇಂದ್ರದ ಹಣಕ್ಕೆ ಕುತ್ತು ಬರಬಹುದು ಎಂದು ರಾಜ್ಯದ ಅಟಾರ್ನಿ ಜನರಲ್ ಎಚ್ಚರಿಸಿದ್ದರು, ದೊಡ್ಡ ಕಂಪನಿಗಳು ತಕರಾರು ತೆಗೆದಿದ್ದವು. ನಾರ್ತ್ ಕೆರೊಲೈನಾದ ಷಾರ್ಲಟ್‌ನಲ್ಲಿ 400 ಜನರಿಗೆ ಕೆಲಸ ಕೊಡಬೇಕಿದ್ದ ಕೇಂದ್ರವನ್ನು ಅಲ್ಲಿನ ಶೌಚಾಲಯ ಕಾನೂನಿನ ಕಾರಣಕ್ಕೆ ಪೇಪಾಲ್ ಕಂಪನಿ ಕೈಬಿಟ್ಟ ಸುದ್ದಿ ಇನ್ನೂ ಹಸಿಯಾಗಿತ್ತು.

ಮೂರರಲ್ಲಿ ಎರಡು ನಿಂತವು, ಕೌನ್ಸೆಲಿಂಗ್ ಮಸೂದೆ ಮಾತ್ರ ದಾಟಿತು. ಯಾಕೆ? ಅದರಿಂದ ಯಾವ ಕಂಪನಿಗೂ ನಷ್ಟವಿರಲಿಲ್ಲ, ಕೇಂದ್ರದ ಯಾವ ಹಣವೂ ನಿಲ್ಲುತ್ತಿರಲಿಲ್ಲ. ನಷ್ಟವಾಗುವುದು ಯಾರಿಗೋ ಅವರು ಬಂದು ಸಾಕ್ಷಿ ಹೇಳುವವರಲ್ಲ. ಕೌನ್ಸೆಲಿಂಗಿಗೆ ಹೋಗುವುದನ್ನೇ ಗುಟ್ಟಾಗಿಡುವವರು, ನನ್ನನ್ನು ವಾಪಸ್ ಕಳಿಸಿದರು ಎಂದು ವಿಧಾನಸಭೆಯ ಸಮಿತಿಯ ಮುಂದೆ ನಿಂತು ಹೇಳುತ್ತಾರೆಯೇ? ಎಲ್ಲ ದೇಶಗಳಲ್ಲೂ ಈ ಕಸುಬಿನ ಹೋರಾಟಕ್ಕೆ ಇರುವ ಮೂಲ ತೊಡಕು ಇದು: ಯಾರ ಪರ ಮಾತಾಡಬೇಕೋ ಅವರ ಹೆಸರು ಹೇಳುವಂತಿಲ್ಲ.

ಹೋಗುವುದೋ ಉಳಿಯುವುದೋ

ಸಹಿ ಬಿದ್ದ ಮೇಲೆ ಸಂಘದ ಮುಖ್ಯ ಕಾರ್ಯನಿರ್ವಾಹಕ ರಿಚರ್ಡ್ ಯೆಪ್, ಅಧ್ಯಕ್ಷೆ ಥೆಲ್ಮಾ ಡಫಿ ಮತ್ತು ಆಡಳಿತ ಮಂಡಳಿಯ ಮುಂದೆ ಎರಡು ದಾರಿಗಳಿದ್ದವು. ನ್ಯಾಶ್‌ವಿಲ್‌ಗೆ ಹೋಗದಿರುವುದು ಒಂದು. ಮೂರು ಸಾವಿರ ಕೌನ್ಸೆಲರುಗಳನ್ನು ಕರೆದುಕೊಂಡು ನ್ಯಾಶ್‌ವಿಲ್‌ಗೇ ಹೋಗಿ, ಶಾಸನಭವನದ ಬಾಗಿಲಲ್ಲಿ ನಿಲ್ಲುವುದು ಇನ್ನೊಂದು.

ಹೋಗದಿರುವುದಕ್ಕೆ ಗಟ್ಟಿ ಕಾರಣಗಳಿದ್ದವು. ಸಂಘದ ಸದಸ್ಯರಲ್ಲಿ ಲೈಂಗಿಕ ಅಲ್ಪಸಂಖ್ಯಾತರು ಬಹಳ ಜನ ಇದ್ದಾರೆ, ಅವರದೇ ಒಂದು ವಿಭಾಗವಿದೆ. ತಮ್ಮನ್ನು ವಾಪಸ್ ಕಳಿಸಬಹುದು ಎಂದು ಆಗಷ್ಟೇ ಕಾನೂನು ಮಾಡಿದ ರಾಜ್ಯದಲ್ಲಿ ಹೋಟೆಲ್ ಬಾಡಿಗೆ ಕಟ್ಟಿ ಕೂರಿ ಎಂದು ಅವರಿಗೆ ಹೇಳುವುದು ಹೇಗೆ? ನೀತಿಸಂಹಿತೆ ಬರೆದ ಸಂಘವೇ ಅದರ ಮೇಲಿನ ದಾಳಿಯನ್ನು ನುಂಗಿಕೊಂಡರೆ ನಾಳೆ ಇನ್ನೊಂದು ರಾಜ್ಯ ಸುಮ್ಮನಿರುತ್ತದೆಯೇ? ಸಂಘದಲ್ಲಿ ತಮ್ಮ ಮೂವತ್ತು ವರ್ಷಗಳಲ್ಲಿ ಕಂಡ ರಾಜ್ಯ ಕಾನೂನುಗಳಲ್ಲೆಲ್ಲ ಇದೇ ಅತಿ ಕೆಟ್ಟದ್ದು ಎಂದು ಯೆಪ್ ಹೇಳಿದರು.

ಹೋಗುವುದಕ್ಕೂ ಕಾರಣಗಳಿದ್ದವು. ಸಮ್ಮೇಳನ ತಪ್ಪಿದ್ದರಿಂದ ನಷ್ಟವಾದದ್ದು ನ್ಯಾಶ್‌ವಿಲ್‌ಗೆ. ಆ ನಗರದ ಆಗಿನ ಮೇಯರ್ ಮೇಗನ್ ಬ್ಯಾರಿ ಈ ಕಾನೂನಿನ ವಿರೋಧಿ. ಹಿಂದಿನ ವರ್ಷ ನಗರದ ಮೊದಲ ಸಲಿಂಗ ಮದುವೆಯನ್ನು ನಡೆಸಿಕೊಟ್ಟವರೇ ಅವರು. ಮಸೂದೆಗೆ ಮತ ಹಾಕಿದ ಶಾಸಕರ ಊರುಗಳಿಗೆ ಒಂದು ಡಾಲರ್ ಕೂಡ ಕಡಿಮೆಯಾಗಲಿಲ್ಲ. ಅಷ್ಟಕ್ಕೂ ಟೆನೆಸಿಯ ಕೌನ್ಸೆಲರುಗಳಿಗೆ ತಮ್ಮ ಕಸುಬಿನ ರಾಷ್ಟ್ರೀಯ ಸಂಘ ಅತಿ ಹೆಚ್ಚು ಬೇಕಾಗಿದ್ದ ವರ್ಷವೇ ಅದು.

ನಾನಿದ್ದಿದ್ದರೆ ಏನು ಮಾಡುತ್ತಿದ್ದೆ? ಮೇ ತಿಂಗಳ ಹೊತ್ತಿಗೆ ಬಹುಶಃ ಅವರು ಮಾಡಿದ್ದನ್ನೇ. ಸದಸ್ಯರ ಮಾನ ಕಾಯುವುದು ಸಂಘದ ಮೊದಲ ಕೆಲಸ, ಅದನ್ನು ಪ್ರತಿಭಟನೆಯ ತಂತ್ರಕ್ಕಾಗಿ ಒತ್ತೆ ಇಡಬಾರದು. ನನ್ನ ತಕರಾರು ಮೇ ತಿಂಗಳ ಬಗ್ಗೆ ಅಲ್ಲ, ಅದಕ್ಕೂ ಹಿಂದಿನ ಎರಡು ವರ್ಷಗಳ ಬಗ್ಗೆ. 2014ರಲ್ಲಿ ಸಂಹಿತೆ ತಿದ್ದಿದಾಗಲೇ, ಇದನ್ನು ತಾನಾಗಿ ನಿಯಮ ಮಾಡಿಕೊಳ್ಳುವ ರಾಜ್ಯಗಳಲ್ಲಿ ಜಗಳ ಏಳುತ್ತದೆ ಎಂದು ಊಹಿಸಲು ಜ್ಯೋತಿಷ್ಯ ಬೇಕಿರಲಿಲ್ಲ. ವಾರ್ಡ್ ಮೊಕದ್ದಮೆಯೇ ಮುನ್ಸೂಚನೆ. ಆರನೇ ಸರ್ಕಿಟ್ಟಿನ ನಾಲ್ಕು ರಾಜ್ಯಗಳಲ್ಲಿ, ಮಿಷಿಗನ್, ಒಹಾಯೊ, ಕೆಂಟಕಿ, ಟೆನೆಸಿಗಳಲ್ಲಿ, ಶಾಸಕರ ಜೊತೆ ಮಾತುಕತೆ ಆಗಲೇ ಶುರುವಾಗಬೇಕಿತ್ತು. ನಿಯಮ ಬದಲಿಸುವುದು ನಾಯಕತ್ವದ ಅರ್ಧ ಭಾಗ ಅಷ್ಟೇ, ಆ ನಿಯಮ ಹೊತ್ತು ಬದುಕಬೇಕಾದ ಊರುಗಳಲ್ಲಿ ಅದಕ್ಕೆ ಜನ ಸಂಪಾದಿಸುವುದು ಇನ್ನರ್ಧ.

ಸಂಘದ ಬಳಿ ಇದಕ್ಕೆ ಬೇಕಾದ ಕೈಪಿಡಿಯೂ ಇತ್ತು. ಕೌನ್ಸೆಲರುಗಳು ವಕಾಲತ್ತು ಹೇಗೆ ಮಾಡಬೇಕು ಎಂಬ ಸಾಮರ್ಥ್ಯಗಳ ಪಟ್ಟಿಯನ್ನು ಅದು 2003ರಲ್ಲೇ ಅಂಗೀಕರಿಸಿತ್ತು. ಒಬ್ಬ ವ್ಯಕ್ತಿಯ ಮಟ್ಟ, ಸಮುದಾಯದ ಮಟ್ಟ, ಸಾರ್ವಜನಿಕ ರಂಗ ಎಂದು ಮೂರು ಮಟ್ಟಗಳು. ಪ್ರತಿ ಮಟ್ಟದಲ್ಲೂ ಜನರ ಜೊತೆ ಸೇರಿ ಮಾಡುವ ಕೆಲಸ ಬೇರೆ, ಜನರ ಪರವಾಗಿ ಮಾಡುವ ಕೆಲಸ ಬೇರೆ. ಟೆನೆಸಿಯಲ್ಲಿ ಕಣ್ಣಿಗೆ ಬಿದ್ದದ್ದು ಕೊನೆಯ ಮನೆಯ ಕೆಲಸ ಮಾತ್ರ: ಸಾರ್ವಜನಿಕ ರಂಗದಲ್ಲಿ, ಇತರರ ಪರವಾಗಿ. ಪತ್ರಗಳು, ಹೇಳಿಕೆಗಳು, ಖಂಡನೆ. ನಡುವಿನ ಮನೆ, ಅಂದರೆ ಅಲ್ಲಿನ ಚರ್ಚುಗಳು, ಶಾಲೆಗಳು, ಸೈನಿಕರ ಸಂಸಾರಗಳ ಜೊತೆ ಸೇರಿ ಮಾಡುವ ಕೆಲಸ, ಖಾಲಿ ಬಿದ್ದಿತ್ತೆಂದೇ ಫಲಿತಾಂಶ ನೋಡಿದರೆ ಅನಿಸುತ್ತದೆ.

ಅತಿ ದೊಡ್ಡ ವಾದ ಕೈಯಲ್ಲೇ ಇತ್ತು. ಟೆನೆಸಿಯಲ್ಲಿ 95 ಕೌಂಟಿಗಳಿವೆ, ಅವುಗಳಲ್ಲಿ ಅನೇಕ ಕಡೆ ಮಾನಸಿಕ ಆರೋಗ್ಯದ ಕೆಲಸಗಾರರ ಅಭಾವವಿದೆ ಎಂದು ಕೇಂದ್ರ ಸರ್ಕಾರವೇ ಗುರುತಿಸಿದೆ. ಇನ್ನೊಬ್ಬರ ಬಳಿ ಕಳಿಸಬೇಕು ಎಂದು ಕಾನೂನು ಷರತ್ತು ಹಾಕುತ್ತದೆ. ಆ ಇನ್ನೊಬ್ಬರು ಎಲ್ಲಿದ್ದಾರೆ? ಬೆಟ್ಟದ ಕೌಂಟಿಯೊಂದರಲ್ಲಿ ಕಾರಿಲ್ಲದವನಿಗೆ ಮುಂದಿನ ಪಟ್ಟಣದ ವಿಳಾಸ ಕೊಡುವುದೂ ಕೊಡದಿರುವುದೂ ಒಂದೇ. ಹಳ್ಳಿಗಾಡಿನಿಂದ ಗೆದ್ದು ಬಂದ ಶಾಸಕರು ಅರ್ಥ ಮಾಡಿಕೊಳ್ಳುವ ಮಾತು ಇದು.

ಈ ವಾದಕ್ಕೆ ಬಲವಿದೆ ಎಂದು ಹೇಳಲು ಇನ್ನೊಂದು ಉದಾಹರಣೆ ಸಾಕು. ಅರವತ್ತೈದು ದಾಟಿದವರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್, ಮನಃಶಾಸ್ತ್ರಜ್ಞರಿಗೂ ಕ್ಲಿನಿಕಲ್ ಸೋಷಿಯಲ್ ವರ್ಕರುಗಳಿಗೂ ಹಣ ಕೊಡುತ್ತಿತ್ತು, ಲೈಸೆನ್ಸ್ ಪಡೆದ ಕೌನ್ಸೆಲರುಗಳಿಗೆ ಮಾತ್ರ ಕೊಡುತ್ತಿರಲಿಲ್ಲ. ಇದನ್ನು ಬದಲಿಸಲು ಇದೇ ಸಂಘ, ಇತರ ಸಂಘಟನೆಗಳ ಜೊತೆ ಸೇರಿ, ಎಷ್ಟೋ ವರ್ಷ ವಾಷಿಂಗ್ಟನ್‌ನ ಮೆಟ್ಟಿಲು ಸವೆಸಿತು. ಹಳ್ಳಿಗಾಡಿನಲ್ಲಿ ಸಿಗುವವರು ಎಷ್ಟೋ ಕಡೆ ಕೌನ್ಸೆಲರುಗಳೇ ಎಂಬುದು ಅವರ ವಾದದ ಮುಖ್ಯ ಎಳೆಗಳಲ್ಲೊಂದು. ಸೆನೆಟ್ಟಿನಲ್ಲಿ ಆ ಮಸೂದೆಯನ್ನು ಒಟ್ಟಿಗೆ ಹಿಡಿದವರು ಮಿಷಿಗನ್‌ನ ಡೆಮಾಕ್ರಟ್ ಡೆಬ್ಬಿ ಸ್ಟೇಬನೊ ಮತ್ತು ವಯೋಮಿಂಗ್‌ನ ರಿಪಬ್ಲಿಕನ್ ಜಾನ್ ಬ್ಯಾರಾಸೊ. ವಯೋಮಿಂಗ್ ಎಂದರೆ ಊರಿಂದ ಊರಿಗೆ ಮೈಲುಗಟ್ಟಲೆ ಬಯಲು. ಬ್ಯಾರಾಸೊ ಸ್ವತಃ ಮೂಳೆ ಡಾಕ್ಟರು. 2022ರ ಡಿಸೆಂಬರ್ 29ರಂದು ಅದು ಕಾನೂನಾಯಿತು, 2024ರ ಜನವರಿ 1ರಿಂದ ಕೌನ್ಸೆಲರುಗಳು ಮೆಡಿಕೇರಿಗೆ ಬಿಲ್ ಹಾಕುತ್ತಿದ್ದಾರೆ. ಯಾವ ಸಮ್ಮೇಳನವೂ ರದ್ದಾಗಲಿಲ್ಲ, ಸುದ್ದಿಯ ಮುಖಪುಟಕ್ಕೂ ಬರಲಿಲ್ಲ. ಎರಡೂ ಒಂದೇ ತೂಕದ ಹೋರಾಟಗಳಲ್ಲ, ಒಪ್ಪುತ್ತೇನೆ: ಹಣ ಪಾವತಿಯ ಪ್ರಶ್ನೆಯಲ್ಲಿ ಎರಡು ಪಕ್ಷಗಳನ್ನು ಕೂಡಿಸುವುದು ಮನುಷ್ಯರ ಘನತೆಯ ಪ್ರಶ್ನೆಯಲ್ಲಿ ಕೂಡಿಸುವುದಕ್ಕಿಂತ ಸುಲಭ.

ನಮ್ಮಲ್ಲಿ ಇಟ್ಟು ನೋಡಿದರೆ

ಇದು ಅವರ ಜಗಳ, ನಮಗೇನು ಎನ್ನುವಂತಿಲ್ಲ. ಜಾತಿ ಮೀರಿ ಮದುವೆಯಾದ ಹುಡುಗಿ ಮನೆಯವರ ಕಾಟ ತಾಳದೆ ತಾಲೂಕಿನ ಸಾಂತ್ವನ ಕೇಂದ್ರಕ್ಕೆ ಬರುತ್ತಾಳೆ. ಅಲ್ಲಿನ ಆಪ್ತಸಮಾಲೋಚಕಿಗೆ ಒಳಗೊಳಗೇ ಆ ಮದುವೆ ಒಪ್ಪಿಗೆಯಿಲ್ಲ. ಆಕೆ ‘ಆಗಲ್ಲ’ ಎನ್ನುವುದಿಲ್ಲ, ಬೇರೆಯವರ ಬಳಿ ಕಳಿಸುವುದೂ ಇಲ್ಲ. ‘ನೋಡಮ್ಮಾ, ಅಪ್ಪ ಅಮ್ಮನೂ ನಿನ್ನ ಒಳ್ಳೇದಕ್ಕೇ ಹೇಳೋದು’ ಎಂದು ಶುರುಮಾಡುತ್ತಾಳೆ. ಟೆನೆಸಿಯ ನಿರಾಕರಣೆ ಕಾನೂನಿನಲ್ಲಿ ಬರೆದಿಟ್ಟದ್ದು, ನಮ್ಮದು ಬುದ್ಧಿಮಾತಿನ ವೇಷದಲ್ಲಿ ಬರುತ್ತದೆ. ನಮ್ಮ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಸೆಕ್ಷನ್ ಲಿಂಗ, ಲೈಂಗಿಕ ಒಲವು, ಧರ್ಮ, ಜಾತಿ, ವರ್ಗ ಯಾವುದರ ಮೇಲೂ ಭೇದ ಮಾಡದೆ ಸೇವೆ ಸಿಗಬೇಕು ಎನ್ನುತ್ತದೆ. ಬರಹದಲ್ಲಿ ಇದು ಟೆನೆಸಿಗಿಂತ ಎಷ್ಟೋ ಮುಂದಿದೆ. ಲೈಂಗಿಕ ಒಲವನ್ನು ‘ಸರಿಪಡಿಸುವ’ ಚಿಕಿತ್ಸೆಯನ್ನು ನಿಲ್ಲಿಸಿ ಎಂದು 2021ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಆನಂದ್ ವೆಂಕಟೇಶ್ ಹೇಳಿದರು. ವಿಷಯ ಅರ್ಥ ಮಾಡಿಕೊಳ್ಳಲು ತಾವೇ ಒಬ್ಬ ಮನಃಶಾಸ್ತ್ರಜ್ಞೆಯ ಬಳಿ ಕೂತು ತಿಳಿದುಕೊಂಡೆ ಎಂದು ಅವರು ಆದೇಶದಲ್ಲೇ ಬರೆದದ್ದು ಆಗ ಸುದ್ದಿಯಾಗಿತ್ತು. ಗಮನಿಸಿ, ಆ ಆದೇಶ ಬಂದದ್ದು ಕೋರ್ಟಿನಿಂದ, ಕೌನ್ಸೆಲರುಗಳ ಸಂಘದಿಂದಲ್ಲ.

ಆಮೇಲೆ

ಸಮ್ಮೇಳನ 2017ರ ಮಾರ್ಚ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆಯಿತು. ಅಷ್ಟರಲ್ಲಿ ಕ್ಯಾಲಿಫೋರ್ನಿಯಾ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಇಂಥ ಕಾನೂನು ಮಾಡಿದ ರಾಜ್ಯಗಳಿಗೆ ಸರ್ಕಾರಿ ಖರ್ಚಿನಲ್ಲಿ ಪ್ರಯಾಣ ಮಾಡುವುದನ್ನೇ ನಿಷೇಧಿಸಿತ್ತು. 2017ರ ಜನವರಿಯಿಂದ ಜಾರಿಗೆ ಬಂದ ಆ ಪಟ್ಟಿಯ ಮೊದಲ ನಾಲ್ಕು ಹೆಸರುಗಳಲ್ಲಿ ಟೆನೆಸಿಯೂ ಇತ್ತು. ಪಟ್ಟಿ ಬೆಳೆಯುತ್ತಾ ಹೋಯಿತು, ಯಾವ ರಾಜ್ಯವೂ ಹೆದರಿ ಬದಲಾದಂತೆ ಕಾಣಲಿಲ್ಲ. 2023ರಲ್ಲಿ ಕ್ಯಾಲಿಫೋರ್ನಿಯಾವೇ ಆ ನಿಷೇಧವನ್ನು ತೆಗೆದುಹಾಕಿ, ಬದಲಿಗೆ ಆ ರಾಜ್ಯಗಳಲ್ಲೇ ಪ್ರಚಾರ ಮಾಡುವ ದಾರಿ ಹಿಡಿಯಿತು. ದೂರ ನಿಂತು ಖಂಡಿಸುವ ತಂತ್ರಕ್ಕೆ ಅದನ್ನು ಕಟ್ಟಿದವರೇ ಕೊಟ್ಟ ಅಂಕ ಅಂತ ಅದನ್ನು ಓದಬಹುದು.

ಟೆನೆಸಿಯ ಕೌನ್ಸೆಲರ್ ಇವತ್ತು ಎರಡು ನಿಯಮಗಳ ನಡುವೆ ಕೂತಿದ್ದಾರೆ. ನಂಬಿಕೆಯ ಕಾರಣಕ್ಕೆ ಬಂದವರನ್ನು ಬೇರೆಯವರ ಬಳಿ ಕಳಿಸಿದರೆ ಕಾನೂನು ಅವರ ರಕ್ಷಣೆಗಿದೆ. ಅವರು ಸಂಘದ ಸದಸ್ಯರಾಗಿದ್ದರೆ ಸಂಹಿತೆ ಮುರಿದದ್ದಕ್ಕೆ ಸಂಘ ವಿಚಾರಣೆ ಮಾಡಬಹುದು, ಸದಸ್ಯತ್ವ ಕಿತ್ತುಕೊಳ್ಳಬಹುದು, ಅದಕ್ಕಿಂತ ಹೆಚ್ಚೇನೂ ಮಾಡಲಾಗದು. ಸದಸ್ಯರಲ್ಲದವರಿಗೆ ಅದೂ ಇಲ್ಲ, ಲೈಸೆನ್ಸ್ ಪಡೆಯಲು ಸಂಘದ ಸದಸ್ಯತ್ವ ಬೇಕಿಲ್ಲ. ಎಷ್ಟು ಜನರನ್ನು ಹೀಗೆ ಕಳಿಸಲಾಯಿತು, ಅವರಲ್ಲಿ ಎಷ್ಟು ಜನ ಇನ್ನೊಬ್ಬ ಕೌನ್ಸೆಲರ್ ತನಕ ತಲುಪಿದರು ಎಂಬ ಲೆಕ್ಕ ಇಡಬೇಕೆಂದು ಆ ಕಾನೂನಿನಲ್ಲಿ ಎಲ್ಲೂ ಬರೆದಿಲ್ಲ. ತಿದ್ದುಪಡಿ ಕೇಳುವುದಾದರೆ ಕಾನೂನನ್ನೇ ರದ್ದು ಮಾಡಿ ಎಂದು ಕೇಳುವುದಕ್ಕಿಂತ ಮೊದಲು, ಕಳಿಸಿದವರ ವರದಿಯನ್ನು ಲೈಸೆನ್ಸಿಂಗ್ ಮಂಡಳಿಗೆ ಕೊಡಬೇಕು ಎಂಬ ಒಂದು ಸಾಲು ಕೇಳಬಹುದು. ರಿಪಬ್ಲಿಕನ್ ಶಾಸಕರೊಬ್ಬರು ಅದಕ್ಕೆ ಇಲ್ಲ ಎನ್ನಲು ಕಾರಣ ಹುಡುಕಬೇಕಾಗುತ್ತದೆ.